ಬಾಗಿಲಿಗೆ ಬೆನ್ನು ಕೊಟ್ಟು ಕೂತ ಉಸಿರಕ್ಕ

ಆಸ್ಪತ್ರೆಯ ಹಿಂಬದಿಯಲ್ಲಿ, ಒಗೆದ ಹಾಸಿಗೆ ಬಟ್ಟೆಗಳನ್ನು ಜೋಡಿಸಿಡುವ ಕೋಣೆಯ ಪಕ್ಕ, ಒಂಬತ್ತು ಎಂದಷ್ಟೇ ಬರೆದ ಬಾಗಿಲೊಂದಿದೆ. ಇನ್ನೂ ಬೆಳಿಗ್ಗೆ ಆರು ಹೊಡೆದಿಲ್ಲ. ಒಳಗೆ ಚಾಪೆಯ ಮೇಲೆ ಹೆಂಗಸೊಬ್ಬಳು ಅಂಗಾತ ಮಲಗಿದ್ದಾಳೆ. ಮೊಣಕಾಲ ಕೆಳಗೆ ಎರಡು ದಿಂಬು. ಐವತ್ತರ ಹತ್ತಿರದ ಇನ್ನೊಬ್ಬರು ಗಿಡ್ಡ ಸ್ಟೂಲನ್ನು ಬಾಗಿಲಿಗೆ ಒತ್ತಿ ಹಾಕಿಕೊಂಡು, ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದಾರೆ.

"ಹೊಟ್ಟೆ ಒಳಗೆ ಎಳ್ಕೋಬೇಡಿ. ಇಲ್ಲಿ ಫೋಟೋ ತೆಗೆಯೋರು ಯಾರೂ ಇಲ್ಲ. ಊದಿಕೊಂಡರೆ ಊದಿಕೊಳ್ಳಲಿ. ಹಾಂ, ಈಗ ಉಸಿರು ಬಿಡಿ."

ಮಲಗಿದವಳಿಗೆ ನಗು ಬರುತ್ತದೆ. ಮರುಕ್ಷಣವೇ ಗಾಬರಿಯಾಗಿ ತೊಡೆ ಬಿಗಿ ಹಿಡಿಯುತ್ತಾಳೆ.

"ನಗಿ, ಪರವಾಗಿಲ್ಲ. ಹಾಸಿರೋದು ರಬ್ಬರ್ ಶೀಟು, ರೇಷ್ಮೆ ಏನಲ್ಲ."

ಸ್ಟೂಲಿನ ಮೇಲೆ ಕೂತವರು ಫಿಸಿಯೋಥೆರಪಿಸ್ಟ್. ಮುರಿದ ಕೈ, ಹಿಡಿದುಕೊಂಡ ಕುತ್ತಿಗೆ ನೋಡುವವರು ಮುಂದಿನ ಕಟ್ಟಡದಲ್ಲಿದ್ದಾರೆ. ಇವರ ಪಾಲಿಗೆ ಬಂದಿರುವುದು ಹೆಂಗಸರು ಬಾಯಿಬಿಟ್ಟು ಹೇಳದ ತೊಂದರೆಗಳು. ಕೆಮ್ಮಿದರೆ, ಸೀನಿದರೆ ಜಾರುವ ಮೂತ್ರ. ಹೆರಿಗೆಯಾದ ಮೇಲೆ ಏನೋ ಕೆಳಗಿಳಿದಂತೆ ಜಗ್ಗುವ ಭಾರ. ವರ್ಷಗಟ್ಟಲೆ ಬಿಡದ ಕೆಳಸೊಂಟದ ನೋವು. ಸೊಂಟದ ಮೂಳೆಗಳ ನಡುವೆ ಜೋಲಿಯಂತೆ ಹರಡಿಕೊಂಡು, ಮೂತ್ರಕೋಶ ಗರ್ಭಕೋಶಗಳನ್ನು ಸದ್ದಿಲ್ಲದೆ ಹೊತ್ತಿರುವ ಸ್ನಾಯುಗಳಿವೆ. ಅವುಗಳ ಯೋಗಕ್ಷೇಮವೇ ಇವರ ಕಸುಬು.

ದಿನಕ್ಕೆ ಹದಿನಾಲ್ಕು ಮಂದಿ, ಒಬ್ಬೊಬ್ಬರಿಗೆ ಅರ್ಧ ಗಂಟೆ. ಹೀಗೆ ಹತ್ತೊಂಬತ್ತು ವರ್ಷ. ಮೊದಲ ನಾಲ್ವರು ಎಂಟರೊಳಗೇ ಬಂದು ಹೋಗುತ್ತಾರೆ, ಹಾಲು ತರುವ ನೆಪದಲ್ಲಿ, ವಾಕಿಂಗ್ ನೆಪದಲ್ಲಿ. "ಉಸಿರು ಬಿಡಿ" ಎಂಬ ಮಾತು ಇವರ ನಾಲಿಗೆಯ ತುದಿಯಲ್ಲೇ ಇರುವುದರಿಂದ ಎಲ್ಲರಿಗೂ ಇವರು ಉಸಿರಕ್ಕ.

ಮನೆಯಲ್ಲಿ ಈ ಕೆಲಸವನ್ನು ಒಪ್ಪಿಸುವುದೇನೂ ಸಲೀಸಾಗಿರಲಿಲ್ಲ. "ಯಾರಾದ್ರೂ ಕೇಳಿದ್ರೆ ಮೊಣಕಾಲು ನೋವು ನೋಡ್ತಾಳೆ ಅಂದುಬಿಡ್ತೀನಮ್ಮ. ಅದಕ್ಕಿಂತ ಮೇಲಕ್ಕೆ ನಾನು ಹೋಗಲ್ಲ" ಎಂದು ಅತ್ತೆ ಮೊದಲ ವರ್ಷವೇ ಸಾರಿಬಿಟ್ಟಿದ್ದರು. ಅದೇ ಅತ್ತೆ ಹನ್ನೊಂದನೇ ವರ್ಷ ಒಂದು ಮಧ್ಯಾಹ್ನ ಪಾತ್ರೆ ಒರೆಸುತ್ತ, ದನಿ ತಗ್ಗಿಸಿ, "ಆ ಮೊಣಕಾಲು ನೋವು ನನಗೂ ಇದೆ ಕಣೆ" ಎಂದರು. ಉಸಿರಕ್ಕ ನಗಲಿಲ್ಲ. ಒಳಗಿನಿಂದ ಚಾಪೆ ತಂದು ಹಾಸಿದರು.

ತಮ್ಮ ತಪ್ಪೊಂದನ್ನು ಮಾತ್ರ ಅವರು ಯಾರೂ ಕೇಳದಿದ್ದರೂ ಹೇಳುತ್ತಾರೆ. ಕಳೆದ ವರ್ಷ ಬಸ್ ಕಂಡಕ್ಟರೊಬ್ಬಳು ಬಂದಳು. ಮೂವತ್ತಾರು ವರ್ಷ, ಎರಡು ಮಕ್ಕಳು. ಹನ್ನೆರಡು ವರ್ಷದಿಂದ ದಿನಕ್ಕೆ ಒಂಬತ್ತು ಗಂಟೆ ಬಸ್ಸಿನಲ್ಲಿ ನಿಂತೇ ಕೆಲಸ. ದಾರಿಯಲ್ಲಿ ಮೂತ್ರಕ್ಕೆ ಹೋಗಲು ಜಾಗವಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಆದರೂ ಬ್ರೇಕ್ ಬಿದ್ದಾಗಲೆಲ್ಲ ಒದ್ದೆ. ಸೊಂಟನೋವು ಎಂದು ಹೇಳಿ ಮೂರು ತಿಂಗಳು ಡಿಪೋದಲ್ಲೇ ಕೂತು ಮಾಡುವ ಕೆಲಸ ಕೇಳಿ ಪಡೆದಿದ್ದಳು. ಅದು ಮುಗಿದ ಮೇಲೆ ಬಸ್ಸು ಹತ್ತಬೇಕು, ಇಲ್ಲವೇ ಕೆಲಸ ಬಿಡಬೇಕು.

ಉಸಿರಕ್ಕ ಎಲ್ಲರಿಗೂ ಹೇಳಿಕೊಡುವುದನ್ನೇ ಇವಳಿಗೂ ಹೇಳಿಕೊಟ್ಟರು. ಮೂತ್ರ ತಡೆಯುವಂತೆ ಸ್ನಾಯು ಬಿಗಿ ಹಿಡಿಯುವುದು, ಎಣಿಸುವುದು, ಬಿಡುವುದು, ದಿನಕ್ಕೆ ಮೂವತ್ತು ಸಲ. ಮೂರನೇ ವಾರ ಕಂಡಕ್ಟರ್ ಕುಂಟುತ್ತ ಬಂದಳು. "ಅಕ್ಕ, ನೀವು ಹೇಳಿದ್ದರ ಮೂರು ಪಟ್ಟು ಮಾಡಿದ್ದೀನಿ. ಈಗ ಕೂರೋಕೂ ಆಗ್ತಿಲ್ಲ. ಸೋರೋದೂ ಜಾಸ್ತಿಯಾಗಿದೆ."

ಅಂದು ಕೈಯಿಟ್ಟು ಪರೀಕ್ಷಿಸಿದಾಗ ಗೊತ್ತಾಯಿತು. ಆ ಸ್ನಾಯುಗಳು ಸಡಿಲವಾಗಿರಲಿಲ್ಲ, ಹನ್ನೆರಡು ವರ್ಷ ತಡೆದು ತಡೆದು ಹಗ್ಗದ ಗಂಟಿನಂತಾಗಿದ್ದವು. ಸದಾ ಬಿಗಿದೇ ದಣಿದ ಅವಕ್ಕೆ ಬ್ರೇಕ್ ಬಿದ್ದಾಗ ಇನ್ನಷ್ಟು ಬಿಗಿಯಲು ಆಗುತ್ತಿರಲಿಲ್ಲ.

"ಮುಷ್ಟಿ ಹಿಡಿದೇ ಇದ್ದ ಕೈಗೆ ಇನ್ನೂ ಮುಷ್ಟಿ ಹಿಡಿ ಅಂದೆ ನಾನು" ಎನ್ನುತ್ತಾರೆ ಉಸಿರಕ್ಕ. "ಸೋರುತ್ತೆ ಅಂದ್ರೆ ಸಡಿಲ ಅಂದ್ಕೊಂಡುಬಿಟ್ಟೆ. ಮೊದಲ ದಿನವೇ ಪರೀಕ್ಷೆ ಮಾಡಬೇಕಿತ್ತು, ಮಾಡಲಿಲ್ಲ. ಮೂರು ವಾರ ಅವಳದು ಹಾಳಾಯ್ತು, ಹಾಳು ಮಾಡಿದ್ದು ನಾನು."

ಇನ್ನು ಕಲಿಸಬೇಕಾದದ್ದು ಬಿಡುವುದನ್ನು. ಅದು ಬರಲೇ ಇಲ್ಲ. ಹೊರಗೆ ತಳ್ಳುಗಾಡಿ ಗಡಗಡ ಎಂದರೆ ಸಾಕು, ಅವಳ ಕಾಲ್ಬೆರಳು ಮುದುರಿಕೊಳ್ಳುತ್ತಿದ್ದವು. ನಾಲ್ಕು ದಿನ ಕಳೆದ ಮೇಲೆ ಉಸಿರಕ್ಕ ಅವಳ ಕಣ್ಣು ಎಲ್ಲಿದೆ ಎಂದು ನೋಡಿದರು. ಬಾಗಿಲ ಮೇಲೆ. ಆ ಬಾಗಿಲಿಗೆ ಒಳಗಿನಿಂದ ಚಿಲಕವೇ ಇರಲಿಲ್ಲ. ಹದಿನೆಂಟು ವರ್ಷ ಅದೇ ಕೋಣೆಯಲ್ಲಿ ದುಡಿದವರಿಗೆ ಅದು ಹೊಳೆದೇ ಇರಲಿಲ್ಲ. ಸ್ಟೂಲು ಎಳೆದು ಬಾಗಿಲಿಗೆ ಆನಿಸಿ ಕೂತರು.

"ಈಗ ಈ ಬಾಗಿಲು ತೆಗೀಬೇಕಾದ್ರೆ ನನ್ನ ಎಪ್ಪತ್ತೆರಡು ಕೆಜಿ ತಳ್ಳಬೇಕು. ಯಾರ ಕೈಲೂ ಆಗಲ್ಲ. ನೀವು ಬಿಡಿ."

ಉಸಿರಕ್ಕ ಚಿಕ್ಕಂದಿನಲ್ಲಿ ನಸುಕಿಗೇ ಅಜ್ಜಿ ಪದ್ಯ ಹೇಳುವುದನ್ನು ಕೇಳಿಸಿಕೊಳ್ಳುತ್ತ ಬೆಳೆದವರು. ಸಾಲು ಮುಗಿದಾಗ ಅಜ್ಜಿಯ ಉಸಿರು ತಾನಾಗಿ ಇಳಿದು, ಒಂದು ಗಳಿಗೆ ಅಲ್ಲೇ ನಿಲ್ಲುತ್ತಿತ್ತು. ಆ ಇಳಿತಕ್ಕೆ ಇವತ್ತಿಗೂ ಅವರ ಕಿವಿ ಕಾಯುತ್ತದೆ. ಅಂದು ಆ ಕಂಡಕ್ಟರ್ ಹೆಂಗಸಿನ ಉಸಿರು ಹಾಗೆ ಇಳಿಯಿತು. ಕಾಲ್ಬೆರಳು ಬಿಚ್ಚಿಕೊಂಡವು.

ಬಿಡುವುದು ಬಂದ ಮೇಲೆ ಹಿಡಿಯುವುದನ್ನು ನಿಧಾನವಾಗಿ ಕಲಿಸಿದರು. ಹನ್ನೆರಡನೇ ವಾರ ಅವಳು ಬಸ್ಸು ಹತ್ತಿದಳು. ಮೊದಲ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದು, ಅರ್ಧ ಖಾಲಿಯಾದ ನೀರಿನ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿ, "ಅಕ್ಕ, ಇವತ್ತು ಬ್ರೇಕ್ ಹಾಕಿದಾಗ ನಾನು ಬೈದಿದ್ದು ಡ್ರೈವರ್‌ನ ಮಾತ್ರ. ನನ್ನನ್ನಲ್ಲ" ಎಂದಳು. ಮುಂದಿನ ವಾರ ಕಾಗದದಲ್ಲಿ ಸುತ್ತಿದ ಒಂದು ಹಿತ್ತಾಳೆ ಚಿಲಕ ತಂದುಕೊಟ್ಟಳು. ಇನ್ನು ಮುಂದೆ ಬರುವವರಿಗಂತೆ.

ಆ ಚಿಲಕ ಈಗ ಬಾಗಿಲ ಮೇಲೆ ಫಳಫಳ ಹೊಳೆಯುತ್ತಿದೆ, ಭದ್ರವಾಗಿ ಹಾಕಿಯೂ ಇದೆ. ಅದರ ಕೆಳಗೆ ಬೆನ್ನು ಉಜ್ಜಿ ಉಜ್ಜಿ ಬಣ್ಣ ಹೋದ ಜಾಗ. ಚಿಲಕ ಬಂದ ಮೇಲೂ ಸ್ಟೂಲು ಅಲ್ಲೇ ಯಾಕೆ?

"ಎದುರಿಗೆ ಹೋಗಿ ಕೂತು ನೋಡಿದೆ. ಚಿಲಕ ನಂಬಿಕೊಂಡು ಎಂಟನೇ ಉಸಿರಿಗೆ ಬಿಡ್ತಾರೆ. ನಾನಿಲ್ಲಿ ಕೂತರೆ ನಾಲ್ಕನೇದಕ್ಕೇ ಬಿಡ್ತಾರೆ" ಎನ್ನುತ್ತಾರೆ. ದನಿಯಲ್ಲಿ ಹೆಮ್ಮೆ ಇದ್ದರೂ ಒಂದು ಚಿಟಿಕೆಯಷ್ಟೇ.

ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ತಟ್ಟುತ್ತಾರೆ. ಚಾಪೆಯ ಮೇಲಿನವಳು ತಲೆ ಎತ್ತುತ್ತಾಳೆ. ಉಸಿರಕ್ಕ ಏಳುವುದಿಲ್ಲ, ತಿರುಗುವುದೂ ಇಲ್ಲ. ಬೆನ್ನನ್ನು ಇನ್ನಷ್ಟು ಒತ್ತಿ ಕೂತು, "ಅದು ನನ್ನ ಪಾಡು. ನಿಮ್ಮದು ಮೂರು ಉಸಿರಾಯ್ತು" ಎನ್ನುತ್ತಾರೆ.

ತಲೆ ಮೆಲ್ಲಗೆ ಚಾಪೆಗೆ ಮರಳುತ್ತದೆ. ನಾಲ್ಕನೇ ಉಸಿರು ಇಳಿಯುತ್ತದೆ.