ಹೊಸ ಪಾಸ್‌ಪೋರ್ಟು, ಹಳೇ ಬೆರಳು

ಊರೆಲ್ಲ ಮರ್ಯಾದೆಯಿಂದ ಞಾ ಬಸೀಲಿಯಾ ಎಂದು ಕರೆಯುವ ನಮ್ಮ ನೆರೆಮನೆಯಾಕೆ ನಲವತ್ತು ವರ್ಷ ಪರಾಗ್ವೆಯ ಬಸ್ಸುಗಳನ್ನು ಹತ್ತಿ ಇಳಿದು ಚೀಪಾ ರೊಟ್ಟಿ ಮಾರಿದವಳು. ತಲೆಯ ಮೇಲಿನ ಬುಟ್ಟಿ ಅಲುಗದಂತೆ ಡ್ರೈವರನನ್ನು ಬೈಯಬಲ್ಲವಳು. ಅವಳ ಒಬ್ಬಳೇ ಮಗಳು ನಿಲ್ಡಾ ಮ್ಯಾಡ್ರಿಡ್ಡಿಗೆ ಹೋಗಿ, ಮುದುಕರ ಆರೈಕೆ ಮಾಡುತ್ತ, ಕಾಗದಪತ್ರವಿಲ್ಲದೆ ಒಂಬತ್ತು ವರ್ಷ ಉಳಿದಳು. ಅಲ್ಲೇ ಯೆರುತಿ ಹುಟ್ಟಿದಳು; ಈಗ ಅವಳಿಗೆ ಏಳು.

ಈಸ್ಟರ್ ಹಿಂದಿನ ಬುಧವಾರ ಮನೆಮಂದಿಯೆಲ್ಲ ಒಂದೇ ಮರಿಗೆಗೆ ಕೈಯಿಟ್ಟು ಚೀಪಾ ಹಿಟ್ಟು ನಾದುವುದು ನಮ್ಮಲ್ಲಿ ವಾಡಿಕೆ. ಒಂಬತ್ತು ವರ್ಷ ಒಬ್ಬಳೇ ನಾದಿದ ಬಸೀಲಿಯಾ ಈ ಸಲ ಫೋನಿನಲ್ಲಿ ಹಟ ಹಿಡಿದಳು.

“ಮೂರು ವಾರಕ್ಕೆ ಬಂದು ಹೋಗೇ. ನಾನು ಸತ್ಮೇಲೆ ಬರ್ತೀಯಾ?”

“ವಾಪಸ್ ಬಿಡ್ದೇ ಇದ್ರೆ ಅಮ್ಮಾ? ಯೆರುತಿ ಇಲ್ಲೇ ನನ್ನ ಗೆಳತಿ ಮನೇಲಿ ಇರ್ತಾಳೆ, ಸ್ಕೂಲಿದೆ.”

“ಅಯ್ಯೋ ಪೆದ್ದಿ! ಹಳೇ ಪಾಸ್‌ಪೋರ್ಟು ಕಳೆದೋಯ್ತು ಅಂದು ಹೊಸದು ಮಾಡ್ಸು. ಅದ್ರಲ್ಲಿ ಹಳೇ ಮುದ್ರೆ ಇರಲ್ಲ, ಟೂರಿಸ್ಟ್ ಅಂತ ಒಳಗೆ ಬಿಡ್ತಾರೆ. ಈ ಬೀದಿಯೋರೆಲ್ಲ ಹಾಗೇ ಹೋಗಿಲ್ವಾ?”

ಸುಳ್ಳಲ್ಲ. ನಾನೂ ಹಾಗೇ ಹೋಗಿ ಬಂದವಳು. ನಾನೇ ಫೋನು ಕಿತ್ತುಕೊಂಡು, “ಹೆದರ್ಬೇಡ ಕಣೇ, ಬಾ” ಎಂದೆ.

ಬಂದಳು. ಹೊರಡುವಾಗ ಮ್ಯಾಡ್ರಿಡ್ಡಿನ ವಿಮಾನ ನಿಲ್ದಾಣದಲ್ಲಿ ಹೊಸ ಯಂತ್ರವೊಂದು ಅವಳ ಮುಖವನ್ನೂ ನಾಲ್ಕು ಬೆರಳನ್ನೂ ಹಿಡಿದಿಟ್ಟುಕೊಂಡಿತಂತೆ. ನಾವು ನಕ್ಕೆವು. “ಫೋಟೋ ಚೆನ್ನಾಗಿ ಬಂತೇನೇ? ಗಂಡಿನ ಕಡೆಯೋರಿಗೆ ಕಳ್ಸೋಣ!” ತಾಯಿ ಮಗಳು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ದಿನವಿಡೀ ನಾದಿದರು.

ಹೊಸ ಪಾಸ್‌ಪೋರ್ಟು ಇಲ್ಲೇ ಮಾಡಿಸಿಕೊಂಡು ಮ್ಯಾಡ್ರಿಡ್ಡಿಗೆ ಹೋದವಳು ಮೂರನೇ ದಿನಕ್ಕೆ ಹಿಂದಿರುಗಿದಳು. ಗಾಜಿನ ಮೇಲೆ ಬೆರಳಿಟ್ಟ ಕೂಡಲೇ ಒಂಬತ್ತು ವರ್ಷ ಕದ್ದು ಉಳಿದದ್ದೆಲ್ಲ ಪರದೆಯ ಮೇಲೆ ಬಂದಿತ್ತು. ಇನ್ನು ಐದು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ. ಬಾಗಿಲಾಚೆ ಗೆಳತಿಯ ಕೈ ಹಿಡಿದು ಕಾಯುತ್ತಿದ್ದ ಯೆರುತಿಯನ್ನು ನೋಡಲೂ ಬಿಡಲಿಲ್ಲ.

“ಬೈಯೇ ನನ್ನ. ಕರೆದೋಳು ನಾನು,” ಎಂದು ಬಸೀಲಿಯಾ ಮಗಳ ಕಾಲ ಬಳಿ ಕುಸಿದಳು.

“ಬೈದ್ರೆ ಬಾಗ್ಲು ತೆಗೀತಾರಾ ಅಮ್ಮಾ?”

“ಮಗೂನ ಇಲ್ಲಿಗೇ ಕರೆಸ್ಕೋ,” ಎಂದೆ ನಾನು, ನನ್ನ ಮಾತು ನನಗೇ ಚುಚ್ಚುತ್ತಿದ್ದರೂ.

“ಅವಳಪ್ಪ ಸಹಿ ಹಾಕ್ದೆ ಮಗು ವಿಮಾನ ಹತ್ತೋಹಾಗಿಲ್ಲ ಅಕ್ಕಾ. ಆ ಪುಣ್ಯಾತ್ಮ ಎಲ್ಲಿದಾನೋ.”

ಈಗ ದಿನಾ ಮಧ್ಯಾಹ್ನ ಆ ಗೆಳತಿಯ ಮನೆಯಿಂದ ವಿಡಿಯೋ ಫೋನು ಬರುತ್ತದೆ. ನಿನ್ನೆ ಯೆರುತಿ ಜಡೆ ಹಾಕಿಕೊಳ್ಳಲು ಬಾಚಣಿಗೆ ಹಿಡಿದು ಕೂತಿದ್ದಳು.

“ಮೂರು ಎಳೆ ಮಾಡ್ಕೋ ಚಿನ್ನಾ. ಬಲಗಡೇದು ಮೇಲೆ ತಗೋ. ಗಟ್ಟಿಯಾಗಿ ಎಳಿ.”

“ಬಿಚ್ಚೋಗ್ತಿದೆ ಅಮ್ಮಾ. ನೀನೇ ಬಂದು ಹಾಕು.”

ಬಸೀಲಿಯಾ ಬಾಯಿಗೆ ಕೈ ಒತ್ತಿಕೊಂಡು ಹಿತ್ತಲಿಗೆ ಎದ್ದು ಹೋದಳು. ನಿಲ್ಡಾ ಫೋನನ್ನು ಇನ್ನಷ್ಟು ಹತ್ತಿರ ಹಿಡಿದು, “ಇನ್ನೊಂದ್ಸಲ, ಮೊದಲಿಂದ,” ಎಂದಳು.