ಯಜಮಾನರ ನಂಬರ್

ನನ್ನ ಗಂಡ ಕುಡಿತ ಬಿಟ್ಟು ಬಹಳ ಕಾಲವಾಗಿದೆ ಎಂಬ ಸುದ್ದಿ ನನಗೆ ಗೊತ್ತಾದದ್ದು ಮಂಡ್ಯದಲ್ಲಿ, ಒಂದು ಕಂಪ್ಯೂಟರಿನ ಮುಂದೆ. ಆ ಹೊತ್ತಿಗೆ ಅವರು ಹೊರಗಿನ ಬೆಂಚಿನ ಮೇಲೆ, ಅವರಮ್ಮನ ಪಕ್ಕದಲ್ಲಿ, ಗಡಗಡ ನಡುಗುತ್ತ ಕೂತಿದ್ದರು.

ಮದ್ದೂರಿನಲ್ಲಿ ಅವರದು ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಸಂಜೆಯಾಯಿತೆಂದರೆ ಬಾರಿನ ದಾರಿ ಹಿಡಿಯುವುದರಲ್ಲೂ ಇಲ್ಲ. ನಾನು ಮಳವಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಹಿಂದಿನ ವರ್ಷ ಒಮ್ಮೆ ಅವರನ್ನು ಮಂಡ್ಯದ ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸಿ ಕರೆತಂದಿದ್ದೆವು. ಹೊರಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮತ್ತೆ ಕುಡಿಯಲು ಶುರುಮಾಡಿ, ಕುಡಿತ ತಪ್ಪಿದ ದಿನ ಮೈ ನಡುಗಿ ಇಲ್ಲದ್ದೆಲ್ಲ ಕಣ್ಣಿಗೆ ಕಂಡರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಜೀವಕ್ಕೇ ಅಪಾಯ ಎಂದಿದ್ದರು.

ಕುಡಿತ ಮತ್ತೆ ಶುರುವಾಗಿತ್ತು. ಒಂದು ದಿನ ತಪ್ಪಿದ್ದೇ ತಡ, ಕಂಡೇಬಿಟ್ಟಿತು. ಆ ಬೆಳಿಗ್ಗೆ ನಾನು ಎದ್ದು ನೋಡಿದರೆ ಪೊರಕೆ ಹಿಡಿದು ಗೋಡೆ ಗುಡಿಸುತ್ತಿದ್ದರು. "ಇರುವೆ ಕಣೇ, ಎಷ್ಟು ಗುಡ್ಸುದ್ರೂ ಬತ್ತಾವೆ" ಎಂದರು. ಗೋಡೆಯ ಮೇಲೆ ಒಂದು ಇರುವೆಯೂ ಇರಲಿಲ್ಲ. ಶಾಲೆಗೆ ರಜೆ ಹಾಕಿ, ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅತ್ತೆ ಹಿಡಿದುಕೊಂಡು ಬಸ್ಸು ಹತ್ತಿಸಿದೆವು. ನನಗೆ ಬೇಕಾಗಿದ್ದುದು ಆ ಕೇಂದ್ರದಲ್ಲಿ ಒಂದೇ ಒಂದು ಬೆಡ್ಡು.

ಒಳಗೆ ಕೌನ್ಸೆಲರ್ ಮಹಾಶಯ ನನ್ನ ಮುಖಕ್ಕಿಂತ ಹೆಚ್ಚಾಗಿ ಕಂಪ್ಯೂಟರಿನ ಮುಖವನ್ನೇ ನೋಡುತ್ತಿದ್ದ.

"ಈಗ ಎಲ್ಲಾ ಡೇಟಾ ನೋಡಿಯೇ ಮಾಡೋದು ಮೇಡಂ. ತಿಂಗಳಿಗೊಂದ್ಸಲ ಮನೆಯವರಿಗೆ ಫೋನ್ ಮಾಡಿ ವಿಚಾರಿಸ್ತೀವಿ. ಯಾರ ಮನೇಲಿ ಕಷ್ಟ ಜಾಸ್ತಿಯೋ ಅವರಿಗೆ ಮೊದಲು ಬೆಡ್ಡು, ಮನೆಗೇ ಬಂದು ನೋಡೋದೂ ಅವರನ್ನೇ. ನಿಮ್ಮವರು ಗುಣವಾದವರ ಪಟ್ಟೀಲಿದಾರಲ್ಲ!"

ಯೋಚನೆಯಲ್ಲಿ ತಪ್ಪಿಲ್ಲ, ಒಪ್ಪುತ್ತೇನೆ. ಕಷ್ಟದಲ್ಲಿರುವವರನ್ನು ಹುಡುಕಿ ಮೊದಲು ನೋಡಬೇಕಾದದ್ದೇ. ಆದರೆ ನನಗೆ ಒಂದು ದಿನವೂ ಯಾರೂ ಫೋನ್ ಮಾಡಿರಲಿಲ್ಲ. ಹಾಗೆಂದದ್ದಕ್ಕೆ ಆತ ಪರದೆಯನ್ನು ನನ್ನ ಕಡೆ ತಿರುಗಿಸಿ ಓದತೊಡಗಿದ. ಕುಡಿತ ಇಲ್ಲ. ನಿದ್ರೆ ಚೆನ್ನಾಗಿದೆ. ದಿನಾ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ನೆಮ್ಮದಿ ಇದೆ. ಕೊನೆಯಲ್ಲಿ ಒಂದು ಷರಾ ಬೇರೆ: ಹೆಂಡತಿಗೆ ಕೋಪ ಜಾಸ್ತಿ, ಅವರಿಗೆ ಕೌನ್ಸೆಲಿಂಗ್ ಬೇಕಾಗಬಹುದು.

"ಬೇಕಾದ್ರೆ ನಿಮಗೇ ಒಂದು ದಿನ ಕೊಡ್ತೀನಿ ಮೇಡಂ" ಎಂದ.

ಅಬ್ಬಬ್ಬಾ, ಏನು ಉಪಕಾರಬುದ್ಧಿ! ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಕೋಪ ಆಮೇಲೆ ನೋಡುವಿರಂತೆ. ಈ ಉತ್ತರ ಕೊಟ್ಟವರಿಗೆ ಈಗಲೇ, ನನ್ನೆದುರಿಗೇ ಫೋನ್ ಮಾಡಿ."

ಮಾಡಿದ. ಕಿಟಕಿಯಾಚೆ, ಬೆಂಚಿನ ಮೇಲೆ, ನನ್ನ ಗಂಡನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಡುಗುವ ಕೈಯಲ್ಲೇ ತೆಗೆದು ಕಿವಿಗಿಟ್ಟುಕೊಂಡರು.

"ಪೇಷಂಟ್ ಮನೆಯವರಾ?"

"ಊ ಸಾ. ನಾನು ಅವರ ತಮ್ಮ."

"ಅಣ್ಣ ಹೇಗಿದ್ದಾರೆ?"

"ಬಾಳ ಚೆನ್ನಾಗವ್ನೆ ಸಾ. ಅದ್ನ ಮುಟ್ಟೋದಿರ್ಲಿ, ಮೂಸೂ ನೋಡಕ್ಕಿಲ್ಲ."

ಪ್ರತಿ ಮಾತೂ ಎರಡೆರಡು ಸಲ ಕೇಳಿಸಿತು, ಒಮ್ಮೆ ಕಿಟಕಿಯಿಂದ, ಒಮ್ಮೆ ಮೇಜಿನ ಮೇಲಿದ್ದ ಫೋನಿನಿಂದ. ಇಲ್ಲದ ಇರುವೆ ಗುಡಿಸುವ ಮನುಷ್ಯ ಸುಳ್ಳು ಹೇಳುವಾಗ ಮಾತ್ರ ಒಂದಕ್ಷರ ತೊದಲಲಿಲ್ಲ. ಅವರಿಗೆ ತಮ್ಮನೇ ಇಲ್ಲ.

ಕೌನ್ಸೆಲರ್ ಎದ್ದು ಕಿಟಕಿಗೆ ಬಂದು ನೋಡಿದ. ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು, "ಓದ್ಸಲ ಇವಳು ಮಾತ್ರೆ ತರಕ್ಕೆ ಓಗಿದ್ಲು. ಯಜಮಾನ್ರ ನಂಬರ್ ಕೊಡಿ ಅಂದ್ರಿ, ಕೊಟ್ಟೆ. ಗಂಡಸಿರೋ ಮನೇಲಿ ಎಂಗಸಿನ ನಂಬರ್ ಕೊಟ್ಟಾರಾ?"

ಗ್ಯಾಸಿಗೆ ಯಜಮಾನರ ನಂಬರು, ರೇಷನ್ನಿಗೆ ಯಜಮಾನರ ನಂಬರು, ಯಜಮಾನರು ಕುಡಿಯುತ್ತಾರೋ ಇಲ್ಲವೋ ಎಂದು ಕೇಳುವುದಕ್ಕೂ ಯಜಮಾನರ ನಂಬರೇ! ಉತ್ತರಪತ್ರಿಕೆಯನ್ನು ಬರೆದವನ ಕೈಗೇ ಕೊಟ್ಟು, ನೀನೇ ಅಂಕ ಹಾಕಿಕೋ ಎಂದರೆ ನನ್ನ ಶಾಲೆಯ ಅತಿ ದಡ್ಡನೂ ನೂರಕ್ಕೆ ನೂರು ತೆಗೆಯುತ್ತಾನೆ. ಇಷ್ಟು ತಿಳಿಯುವುದಕ್ಕೆ ಅಷ್ಟೊಂದು ಓದಿದ ಜನಕ್ಕೆ ನಾನು ಹೋಗಿ ಕೂಗಾಡಬೇಕಾಯಿತು.

ಬೆಡ್ಡು ಅವತ್ತೇ ಸಿಕ್ಕಿತು. ಮುಂದೆ ಆ ಕೇಂದ್ರದವರು ಕುಡಿಯುವವನನ್ನು ಬಿಟ್ಟು ಅವನ ಜೊತೆ ಬಾಳುವವರ ನಂಬರ್ ಕೇಳಿ ಬರೆದುಕೊಳ್ಳತೊಡಗಿದರು. ಹೆಂಗಸರು ಬಾಯಿಬಿಟ್ಟರು. ಪರದೆಯ ಮೇಲೆ ಗುಣವಾಗಿದ್ದವರೆಲ್ಲ ಸಾಲಾಗಿ ಕಾಯಿಲೆ ಬಿದ್ದರು. ಆಮೇಲೆ ನಡೆದ ಮನೆಯವರ ಸಭೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು ಸಪ್ಪೆ ಮೋರೆ ಮಾಡಿಕೊಂಡು, "ಗುಣವಾದವರ ಸಂಖ್ಯೆ ಕುಸಿದುಬಿಟ್ಟಿದೆ. ನೀವೆಲ್ಲ ಸ್ವಲ್ಪ ಸಹಕರಿಸಬೇಕು" ಎಂದರು. ಥೂ! ನಾವು ಸಹಕರಿಸಿದ್ದಕ್ಕೇ ಅದು ಕುಸಿದದ್ದು ಎಂದು ನಾನು ಕೂತಲ್ಲಿಂದಲೇ ಹೇಳಿದೆ. ಆ ಪುಣ್ಯಾತ್ಮರು ನೀರು ಕುಡಿದು ಬೇರೆ ವಿಷಯಕ್ಕೆ ಹೋದರು.

ಮನೆಗೆ ಬಂದ ಮೇಲೆ ನನ್ನ ಗಂಡ ಕೆಲವು ತಿಂಗಳು ನೆಟ್ಟಗಿದ್ದರು. ಆಮೇಲೆ ಒಂದು ಸಂಜೆ ವಾಸನೆ ಹೊತ್ತು ಬಂದರು, ಮರುದಿನವೂ ಬಂದರು. ಅದರ ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಕೇಂದ್ರದಿಂದ ನನಗೆ ಫೋನ್ ಬಂತು. ಬಾಗಿಲಲ್ಲಿ ನಿಂತಿದ್ದ ಇವರು ಬೇಡ ಬೇಡ ಎಂದು ಕೈಯಾಡಿಸಿದರು. ಅತ್ತೆ ಪಿಸುಗುಟ್ಟಿದರು, "ಚೆನ್ನಾಗವ್ನೆ ಅಂದ್ಬುಡಮ್ಮ. ಇದೊಂದ್ಸಲ."

"ಮೊನ್ನೆ ಕುಡಿದು ಬಂದರು. ನೆನ್ನೆಯೂ" ಎಂದೆ. "ಬೆಡ್ಡು ಇದೆಯಾ ನೋಡಿ ಹೇಳಿ."

ಇದೆ, ಕರೆದುಕೊಂಡು ಬನ್ನಿ ಎಂದರು. ಫೋನ್ ಇಟ್ಟೆ. ನನ್ನ ಗಂಡನ ಮುಖ ಕಪ್ಪಿಟ್ಟಿತ್ತು.

"ಚೆನ್ನಾಗವ್ನೆ ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನೇ ಓಯ್ತಿತ್ತು?"

"ನೀವು ಓಯ್ತಿದ್ರಿ" ಎಂದೆ.

ಅತ್ತೆ ಎದ್ದು ಒಳಗೆ ಹೋದರು. ಮಗನ ಅಂಗಿ ತಂದು, ತೋಳು ತೂರಿಸಲು ಬರುವ ಹಾಗೆ ಬಿಡಿಸಿ ಹಿಡಿದು ನಿಂತರು.