ದೀಪಸ್ತಂಭದ ಕಾಕಾ

ಬಿಳಿ ಕೈಗವಸುಗಳನ್ನು ಕಾಕಾ ತಾವೇ ಒಗೆದು, ಒಂದೊಂದೇ ಬೆರಳು ಬಿಡಿಸಿ ತಂತಿಗೆ ಹಾಕುತ್ತಿದ್ದರು. ವಿದ್ಯಾನಗರದ ನಮ್ಮ ಓಣಿಯಲ್ಲಿ ಕೈಗವಸು ಒಗೆಯುವ ಗಂಡಸು ಪಕ್ಕದ ಮನೆಯ ಈ ಕಾಕಾ ಒಬ್ಬರೇ. ಅವರು ಫ್ರೀಮೇಸನ್, ಅಂದರೆ ಕಲ್ಲುಕುಟಿಗರ ಹೆಸರು ಹೊತ್ತ ಹಳೆಯ ಗುಟ್ಟಿನ ಸಂಘವೊಂದರ ಸದಸ್ಯರು. ಆ ಸಂಘದ ಸಭೆಗೆ ಕೈಗವಸು, ಏಪ್ರನ್ ತೊಟ್ಟೇ ಹೋಗಬೇಕಂತೆ. ಒಳಗೆ ಏನು ಮಾಡುತ್ತೀರಿ ಎಂದು ಕೇಳಿದರೆ, "ಕಲ್ಲ ಕೆತ್ತತೇವಿ. ಕಲ್ಲೂ ನಾವ, ಉಳೀನೂ ನಾವ" ಎಂದು ನಗುತ್ತಿದ್ದರು.

ಅವರ ಪಡಸಾಲೆಯಲ್ಲಿ ಹಳೆಯ ದೀಪಸ್ತಂಭವೊಂದರ ಚಿತ್ರವಿತ್ತು. ಕಾರವಾರದ ಕಡೆ ಎಂಜಿನಿಯರಾಗಿದ್ದಾಗ ಅವರೇ ಬರೆದದ್ದು. "ಇದರ ಮೆಟ್ಟಲಾ ಏರೂದ ನನ್ನ ಜೀವನ ನೋಡಪಾ. ಒಂದ ಸುತ್ತು ಕತ್ತಲಿ, ಒಂದ ಸುತ್ತು ಕಿಟಕಿ" ಎನ್ನುತ್ತಿದ್ದರು. ನಮ್ಮ ಅವ್ವ ಮಾತ್ರ, "ದೀಪದ ಬುಡಕ್ಕ ಕತ್ತಲೀನ ಇರತೈತಿ" ಎಂದು ಗೊಣಗುತ್ತಿದ್ದಳು.

ಆ ಕತ್ತಲೆ ಏನೆಂದು ನನಗೆ ಗೊತ್ತಿತ್ತು. ಧಾರವಾಡದ ಡಾಕ್ಟರರೊಬ್ಬರು ಕಾಕಾರ ಜೀವದ ಗೆಳೆಯರು, ಅದೇ ಸಂಘದವರು. ಸಂಘದ ಯಾವುದೋ ಹುದ್ದೆಯ ವಿಷಯಕ್ಕೆ ಇಬ್ಬರ ನಡುವೆ ಮಾತು ನಿಂತಿತ್ತು. ಮನಸ್ತಾಪ ಇರುವ ಇಬ್ಬರು ಸಭೆಯೊಳಗೆ ಒಟ್ಟಿಗೆ ಕಾಲಿಡುವಂತಿಲ್ಲ. ಒಬ್ಬ ಇನ್ನೊಬ್ಬನನ್ನು ಹೊರಗೆ ಕರೆದು, ಮಾತು ಮುಗಿಸಿಕೊಂಡೇ ಒಳಗೆ ಹೋಗಬೇಕು. ಅದು ಅವರ ನಿಯಮ. "ಅವನರ ಹೋಗಲಿ" ಎಂದು ಕಾಕಾ ಎರಡು ವರ್ಷ ಮನೆಯಲ್ಲೇ ಉಳಿದರು. ಕೈಗವಸು ಒಗೆಯುವುದನ್ನು ಮಾತ್ರ ಬಿಡಲಿಲ್ಲ.

ಹೋದ ವರ್ಷ ಅವ್ವನ ಮಂಡಿನೋವಿಗೆಂದು ಆ ಡಾಕ್ಟರರ ಹತ್ತಿರ ಹೋಗಿದ್ದೆ. ಕಾಕಾರ ಸುದ್ದಿ ತೆಗೆದೆ.

"ಅವರು ಮೀಟಿಂಗಿಗೆ ಹೋಗತಿರಬೇಕಲ್ರಿ? ಅವರಿಗೆ ಅಡ್ಡಿ ಆಗಬಾರದಂತ ನಾ ಹೋಗೂದ ಬಿಟ್ಟೇನಿ" ಎಂದರು.

ನಾನು ದಂಗಾದೆ. ಒಬ್ಬರಿಗಾಗಿ ಒಬ್ಬರು ಜಾಗ ಬಿಟ್ಟು, ಎರಡೂ ಕುರ್ಚಿ ಖಾಲಿ ಇಟ್ಟಿದ್ದರು ಮಹಾನುಭಾವರು! ಬೇರೆ ಯಾರನ್ನಾದರೂ ವಿಚಾರಿಸಲು ಇಬ್ಬರಿಗೂ ಹಟ ಅಡ್ಡ.

ಅಂದೇ ಬಂದು ಕಾಕಾರಿಗೆ ಹೇಳಬೇಕಿತ್ತು. ದೊಡ್ಡವರ ಜಗಳದಲ್ಲಿ ನನಗೇನು ಕೆಲಸ ಎಂದು ಮೂರು ತಿಂಗಳು ಸುಮ್ಮನಿದ್ದೆ. ಕೊನೆಗೊಮ್ಮೆ ಹೇಳಿದಾಗ ಅವರು ಎದ್ದು ಚಿತ್ರದ ದೀಪಸ್ತಂಭದ ಬುಡಕ್ಕೆ ಬೆರಳಿಟ್ಟರು.

"ಇಷ್ಟ ಹತ್ರ ಇದ್ದದ್ದ ಕಾಣಲಿಲ್ಲಲ್ಲೋ ನನಗ. ರವಿವಾರ ಧಾರವಾಡಕ್ಕ ಅವನ ಮನೀಗೆ ಹೋಗಿ ಹೊರಗ ಕರೀತೇನಿ ಅವನ್ನ."

ಶುಕ್ರವಾರ ಕೈಗವಸು ಒಗೆದು ಹಾಕಿದರು. ಶನಿವಾರ ಬೆಳಿಗ್ಗೆ ಎದೆನೋವು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು.

ಡಾಕ್ಟರರಿಗೆ ಫೋನ್ ಮಾಡಿದವನು ನಾನೇ. ಬಂದವರು ಗೇಟಿನ ಹೊರಗೇ ನಿಂತರು.

"ಒಳಗ ಬರ್ರಿ" ಎಂದೆ.

"ಇಲ್ರಿ. ಅವನ್ನ ಹೊರಗ ತರ್ರಿ. ಮಾತ ಮುಗದ ಮ್ಯಾಲ ಒಳಗ ಬರತೇನಿ."

ತಂದೆವು. ಅವರು ಬಾಗಿ ಕಾಕಾರ ಕಿವಿಯಲ್ಲಿ ಏನೋ ಹೇಳಿದರು, ಹೇಳುತ್ತಲೇ ಇದ್ದರು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಒಳಗೆ ಬಂದು, ತಂತಿಯ ಮೇಲಿನ ಕೈಗವಸು ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು.

ನನ್ನ ಆ ಮೂರು ತಿಂಗಳ ಮೌನಕ್ಕೆ ನಾನು ಯಾರನ್ನು ಹೊರಗೆ ಕರೆದು ಕ್ಷಮೆ ಕೇಳಬೇಕೋ, ಇನ್ನೂ ತಿಳಿದಿಲ್ಲ.